ಕಲ್ಯಾಣದ ಮಲ್ಲನ ಹೆಸರೇನು?

ಹುಮನಾಬಾದ್, ರಾಜೇಶ್ವರ, ಬಸವಕಲ್ಯಾಣ – ಈ ಸೀಮೆಯಲ್ಲಿ ಜಾತ್ರೆ ಎಂದರೆ ತೇರು, ಬೆಂಡು-ಬತ್ತಾಸು, ಕೊನೆಗೆ ಜಂಗೀ ಕುಸ್ತಿ. ಬಿಸಿಲು ಇಳಿಯುವ ಹೊತ್ತಿಗೆ ಹಲಗೆಯ ಸದ್ದು ಕೇಳಿ ಕಣದ ಸುತ್ತ ಜನ ಸೇರುತ್ತಾರೆ. ಮೊದಲು ಎಳೆಯ ಹುಡುಗರ ಜೋಡಿಗಳು. ಗೆದ್ದವನಿಗೆ ಒಂದು ತೆಂಗಿನಕಾಯಿ. ಆಮೇಲೆ ದುಡ್ಡಿನ ಕುಸ್ತಿಗಳು. ಕತ್ತಲಾಗುವ ಮುನ್ನ ಬೆಳ್ಳಿ ಕಡಗದ ಕುಸ್ತಿ. ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಿದ ಪೈಲ್ವಾನನಿಗೆ ರುಮಾಲು ಸುತ್ತಿ, ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ.

ಮರುವರ್ಷ ಅದೇ ಕಣದ ಅಂಚಿನಲ್ಲಿ ನಿಂತು ‘ಹೋದ ಸಲ ಕಡಗ ಗೆದ್ದವರು ಯಾರು?’ ಎಂದು ಕೇಳಿ ನೋಡಿ. ‘ಸೊಲ್ಲಾಪುರದ ಕಡೆಯವನು, ಎತ್ತರದ ಹುಡುಗ’ ಎನ್ನುವಲ್ಲಿಗೆ ನೆನಪು ನಿಲ್ಲುತ್ತದೆ. ಹತ್ತು ವರ್ಷದ ಹಿಂದಿನ ಕಡಗದ ಮಾತೆತ್ತಿದರೆ ಅಷ್ಟೂ ಸಿಗುವುದಿಲ್ಲ.

ಈ ಮರೆವು ಇಂದಿನದಲ್ಲ. ಇದೇ ಕಲ್ಯಾಣದಲ್ಲಿ ಸುಮಾರು 900 ವರ್ಷಗಳ ಹಿಂದೆ ಅರಸನೊಬ್ಬ ಮಲ್ಲರ ಬಗ್ಗೆ ಒಂದು ಅಧ್ಯಾಯವನ್ನೇ ಬರೆದ. ಮಲ್ಲ ಏನನ್ನು ತಿನ್ನಬೇಕು, ಹೇಗೆ ಮೈ ಬೆಳೆಸಬೇಕು, ಯಾವ ಪಟ್ಟುಗಳನ್ನು ಕಲಿಯಬೇಕು ಎಂಬುದೆಲ್ಲ ಅದರಲ್ಲಿದೆ. ಇಲ್ಲದಿರುವುದು ಮಲ್ಲನ ಹೆಸರು. ಅತ್ತ ದೂರದ ಜಪಾನಿನಲ್ಲಿ, 18ನೆಯ ಶತಮಾನದ ರೈತನ ಮಗನೊಬ್ಬ ಎಷ್ಟು ಕುಸ್ತಿ ಗೆದ್ದ, ಎಷ್ಟು ಸೋತ ಎಂಬ ಲೆಕ್ಕ ಇಂದಿಗೂ ಸಿಗುತ್ತದೆ. ನಮ್ಮಲ್ಲಿ ವಿದ್ಯೆ ಉಳಿದು ಮನುಷ್ಯ ಮರೆಯಾದದ್ದು, ಅಲ್ಲಿ ಮನುಷ್ಯನೇ ಉಳಿದದ್ದು ಹೇಗೆ?

ಮಲ್ಲ ಎಂಬ ಬಿರುದು

11ನೆಯ ಶತಮಾನದ ನಡುಭಾಗದಲ್ಲಿ ಚಾಲುಕ್ಯ ಅರಸ ಒಂದನೆಯ ಸೋಮೇಶ್ವರ ತನ್ನ ರಾಜಧಾನಿಯನ್ನು ಮಾನ್ಯಖೇಟದಿಂದ, ಅಂದರೆ ಇಂದಿನ ಮಳಖೇಡದಿಂದ, ಕಲ್ಯಾಣಕ್ಕೆ ತಂದ. ಅವನಿಗೆ ‘ಆಹವಮಲ್ಲ’, ‘ತ್ರೈಲೋಕ್ಯಮಲ್ಲ’ ಎಂಬ ಬಿರುದುಗಳಿದ್ದವು. ಅವನ ಮಗ ಎರಡನೆಯ ಸೋಮೇಶ್ವರ ‘ಭುವನೈಕಮಲ್ಲ’. ಇನ್ನೊಬ್ಬ ಮಗ, ಸುಪ್ರಸಿದ್ಧ ಆರನೆಯ ವಿಕ್ರಮಾದಿತ್ಯ ‘ತ್ರಿಭುವನಮಲ್ಲ’. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ‘ಭೂಲೋಕಮಲ್ಲ’. ಆಮೇಲೆ ಬಂದವನು ‘ಜಗದೇಕಮಲ್ಲ’. ಯುದ್ಧವೇ ಕಣ, ಶತ್ರುವೇ ಎದುರಾಳಿ, ಅರಸನೇ ಮಲ್ಲ ಎಂಬ ಭಾವನೆ ಈ ಬಿರುದುಗಳ ಹಿಂದೆ ಇದೆ.

ಕಾವ್ಯವೂ ಇದೇ ದಾರಿ ಹಿಡಿದಿತ್ತು. ಚಾಲುಕ್ಯರ ಆಶ್ರಯದಲ್ಲಿದ್ದ ಕವಿಚಕ್ರವರ್ತಿ ರನ್ನ ‘ಗದಾಯುದ್ಧ’ವನ್ನು ರಚಿಸಿದಾಗ ಅದರ ಭೀಮನಲ್ಲಿ ತನ್ನ ಒಡೆಯ ಸತ್ಯಾಶ್ರಯನನ್ನು ಕಂಡ. ಹೀಗೆ ಬಿರುದಿನಲ್ಲೂ ಕಾವ್ಯದಲ್ಲೂ ಮಲ್ಲನ ಕೀರ್ತಿ ಅರಸನ ಪಾಲಾಯಿತು.

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇವಾಲಯವನ್ನು ನೋಡಿದವರಿಗೆ ಅಲ್ಲಿನ ಹೊರಗೋಡೆಯ ಶಿಲಾಬಾಲಿಕೆಯೊಬ್ಬಳು ನೆನಪಿರಬಹುದು. ಆಕೆ ಬೆನ್ನು ತಿರುಗಿಸಿ ನಿಂತು ಏನನ್ನೋ ಬರೆಯುತ್ತಿದ್ದಾಳೆ. ಕಲ್ಲಿನ ಮೇಲೆ ಆಕೆ ಬರೆದಿರುವುದು ವಿಕ್ರಮಾದಿತ್ಯನ ಹೊಗಳಿಕೆ. ಆ ಕಾಲದಲ್ಲಿ ಬರಹ ಯಾರ ಕಡೆಗೆ ಮುಖ ಮಾಡಿತ್ತು ಎಂಬುದಕ್ಕೆ ಆ ಒಂದು ವಿಗ್ರಹ ಸಾಕು.

ಮಲ್ಲವಿನೋದ

ವಿಕ್ರಮಾದಿತ್ಯನ ಮಗ ಭೂಲೋಕಮಲ್ಲ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. ತಂದೆಯಂತೆ ಯುದ್ಧಗಳಿಗೆ ಹೆಸರಾದವನಲ್ಲ; ಅವನಿಗೆ ‘ಸರ್ವಜ್ಞ ಚಕ್ರವರ್ತಿ’ ಎಂಬ ಇನ್ನೊಂದು ಬಿರುದಿತ್ತು. 1129ರ ಸುಮಾರಿಗೆ ಅವನ ಹೆಸರಿನಲ್ಲಿ ಸಿದ್ಧವಾದ ಸಂಸ್ಕೃತ ಗ್ರಂಥವೇ ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಎಂದೂ ಅದನ್ನು ಕರೆಯುತ್ತಾರೆ. ಐದು ಭಾಗಗಳು, ಒಂದೊಂದರಲ್ಲಿ 20 ಅಧ್ಯಾಯಗಳು, ಒಟ್ಟು 100 ಅಧ್ಯಾಯಗಳು. ರಾಜ್ಯವನ್ನು ಗಳಿಸುವುದು, ಉಳಿಸಿಕೊಳ್ಳುವುದು, ಅನುಭವಿಸುವುದು, ಮನಸ್ಸಿಗೆ ವಿನೋದ ತಂದುಕೊಳ್ಳುವುದು, ಆಟಗಳನ್ನು ಆಡುವುದು ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ನಮ್ಮ ಇಡ್ಲಿ, ದೋಸೆಗಳ ಹಳೆಯ ರೂಪಗಳನ್ನು ಹುಡುಕುವವರು ಇದರ ಅಡುಗೆಯ ಭಾಗವನ್ನು ಉದಾಹರಿಸುತ್ತಾರೆ. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ 1925ರಿಂದ 1961ರ ನಡುವೆ ಮೂರು ಸಂಪುಟಗಳಾಗಿ ಇದು ಅಚ್ಚಾಯಿತು.

ನಾಲ್ಕನೆಯ ಭಾಗದ 20 ವಿನೋದಗಳಲ್ಲಿ ‘ಮಲ್ಲವಿನೋದ’ ಒಂದು. ಕುಸ್ತಿಯ ಬಗ್ಗೆ ನಮ್ಮ ನಾಡಿನಲ್ಲಿ ಹುಟ್ಟಿದ ಇಷ್ಟು ಹಳೆಯ, ಇಷ್ಟು ವಿವರವಾದ ಬರಹ ಅಪರೂಪ.

ಅದರಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ವಿಂಗಡಿಸಲಾಗಿದೆ. ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂಬವು ದರ್ಜೆಗಳ ಹೆಸರು. ಸಮಬಲರನ್ನು ಮಾತ್ರ ಜೋಡಿ ಹಾಕಬೇಕೆಂಬ ತಿಳಿವಳಿಕೆ ಈ ವಿಂಗಡಣೆಯ ಹಿಂದೆ ಇರಬೇಕು. ಇಂದಿನ ಪಂದ್ಯಗಳಲ್ಲಿ ಕಿಲೋಗ್ರಾಂ ಲೆಕ್ಕದಲ್ಲಿ ಮಾಡುವ ಕೆಲಸವನ್ನೇ ಜಾತ್ರೆಯ ಪಂಚರು ಕಣ್ಣಳತೆಯಲ್ಲಿ ಮಾಡುತ್ತಾರೆ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಭುಜ ಮುಟ್ಟಿ ನೋಡಿ, ‘ಜೋಡಿ ಆಗತದ’ ಎನ್ನುತ್ತಾರೆ.

ಇನ್ನು ತಾಲೀಮು. ಮಾನಸೋಲ್ಲಾಸ ಇದಕ್ಕೆ ‘ಶ್ರಮ’ ಎಂಬ ಮಾತನ್ನು ಬಳಸುತ್ತದೆ. ಮರಳಿನ ಚೀಲದಂಥ ಭಾರವನ್ನು ಎತ್ತುವುದು ಭಾರಶ್ರಮ. ಬೆಳಗಿನ ಹೊತ್ತು ದೂರ ನಡೆಯುವುದು ಭ್ರಮಣಶ್ರಮ. ಕೆರೆಯಲ್ಲೋ ಹೊಳೆಯಲ್ಲೋ ನೀರಿಗಿಳಿದು ಮಾಡುವ ಸಾಧನೆ ಸಲಿಲಶ್ರಮ. ತೋಳುಗಳ ಬಲವನ್ನು ಪಳಗಿಸುವುದು ಬಾಹುಪೆಲ್ಲಣಕ. ಕಂಬವನ್ನು ಹಿಡಿದು ಮಾಡುವುದು ಸ್ತಂಭಶ್ರಮ. ಬಾಗಲಕೋಟೆ, ಗದಗ ಭಾಗದ ಹುಡುಗ ಹುಡುಗಿಯರು ಇಂದು ಮಲ್ಲಕಂಬದ ಮೇಲೆ ಮಾಡುವ ಕಸರತ್ತಿನ ಪೂರ್ವರೂಪವನ್ನು ಬಲ್ಲವರು ಈ ಸ್ತಂಭಶ್ರಮದಲ್ಲಿ ಗುರುತಿಸುತ್ತಾರೆ.

ಈ ಪಟ್ಟಿಯಲ್ಲಿ ಒಂದು ವಿವೇಕವಿದೆ. ಭಾರ ಎತ್ತುವುದರಿಂದ ಬರುವ ಬಲ ಒಂದೇ ಕುಸ್ತಿಗೆ ಸಾಲದು. ನಡಿಗೆಯಿಂದ ಉಸಿರು ಬೆಳೆಯಬೇಕು. ನೀರು ಎಲ್ಲ ಕಡೆಯಿಂದಲೂ ತಡೆಯುವುದರಿಂದ ಕೀಲುಗಳಿಗೆ ಪೆಟ್ಟಾಗದೆ ಸ್ನಾಯುಗಳಿಗೆ ಕೆಲಸ ಸಿಗುತ್ತದೆ. ಕಂಬದಿಂದ ಹಿಡಿತವೂ ಮೈಯ ಬಾಗುವಿಕೆಯೂ ಬರುತ್ತವೆ. ಹೀಗೆ ಒಂದು ದೇಹಕ್ಕೆ ಬೇಕಾದುದನ್ನು ಬಿಡಿಬಿಡಿಯಾಗಿ ಯೋಚಿಸಿ ಜೋಡಿಸಿದವರು ಅರಮನೆಯ ಪಂಡಿತರಾಗಿರಲಾರರು. ಮಣ್ಣಿನಲ್ಲಿ ಹೊರಳಿದ ವಸ್ತಾದರೊಬ್ಬರ ಅನುಭವ ಈ ಸಾಲುಗಳ ಹಿಂದೆ ಇರಲೇಬೇಕು.

ಖುರಾಕು ಅರಸನ ಹೊಣೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಉತ್ತಮ ದರ್ಜೆಯ ಸಿಹಿ ತಿನಿಸುಗಳನ್ನು ಮಲ್ಲರಿಗೆ ಒದಗಿಸಬೇಕು ಎನ್ನುತ್ತದೆ ಗ್ರಂಥ. ಅರಮನೆಯ ಹೆಂಗಸರಿಂದ ಅವರನ್ನು ದೂರ ಇಡಬೇಕು. ಅವರ ಗಮನವೆಲ್ಲ ಮೈ ಬೆಳೆಸುವುದರಲ್ಲಿ ಇರಬೇಕು. ಪಟ್ಟುಗಳ ಹೆಸರುಗಳೂ ಉಂಟು. ಆದರೆ ಆ ಪಟ್ಟುಗಳನ್ನು ಹಾಕುವುದು ಹೇಗೆ ಎಂಬ ವಿವರಣೆ ಇಲ್ಲ. ಅದು ಕಣದಲ್ಲಿ ಗುರುವಿನಿಂದ ಕಲಿಯುವ ವಿದ್ಯೆ ಎಂದು ಬಿಟ್ಟಂತಿದೆ.

ಹೀಗೆ ಕಲ್ಯಾಣದ ಮಲ್ಲನ ಬೆಳಗು, ಅವನ ಊಟ, ಅವನ ಬೆವರು ನಮಗೆ ಗೊತ್ತು. ಅವನು ಯಾವ ಊರಿನವನು, ಯಾರ ಮಗ, ಯಾರನ್ನು ಕೆಡವಿದ, ವಯಸ್ಸಾದ ಮೇಲೆ ಅವನನ್ನು ಯಾರು ನೋಡಿಕೊಂಡರು – ಇವು ಗೊತ್ತಿಲ್ಲ. ಇದಕ್ಕೆ ಕಾರಣ ಗ್ರಂಥದ ಕ್ರಮದಲ್ಲೇ ಇದೆ. ಮಲ್ಲರ ಅಧ್ಯಾಯದ ಹಿಂದೆ ಇರುವುದು ಅಂಕಕಾರರ ದ್ವಂದ್ವಯುದ್ಧ. ಮುಂದೆ ಬರುವುದು ಕೋಳಿ ಅಂಕ. ಅದಾದ ಮೇಲೆ ಲಾವಕ್ಕಿ, ಟಗರು, ಕೋಣಗಳ ಕಾಳಗ. ಅರಸನ ಕಣ್ಣಿಗೆ ಇವೆಲ್ಲ ವಿನೋದಗಳೇ. ಕಾಳಗದ ಟಗರಿಗೆ ಏನು ಮೇವು ಹಾಕಬೇಕೆಂದು ಬರೆಯುವಂತೆಯೇ ಮಲ್ಲನಿಗೆ ಏನು ತಿನ್ನಿಸಬೇಕೆಂದು ಬರೆದದ್ದು.

ಜಟ್ಟಿಯಿಂದ ಪೈಲ್ವಾನನವರೆಗೆ

ಕಲ್ಯಾಣದ ವೈಭವ ಮುಗಿದ ಮೇಲೂ ವಿದ್ಯೆ ಸಾಯಲಿಲ್ಲ. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಯಾತ್ರಿಕ ಪೇಸ್, ಕೃಷ್ಣದೇವರಾಯನ ಬೆಳಗನ್ನು ವರ್ಣಿಸಿದ್ದಾನೆ. ರಾಯ ನಸುಕಿಗೆ ಮುಂಚೆ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೂ ಅದನ್ನೇ ಹಚ್ಚಿಕೊಳ್ಳುತ್ತಿದ್ದ. ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಮು ಮಾಡಿ, ಆಮೇಲೆ ತನ್ನ ಮಲ್ಲರಲ್ಲಿ ಒಬ್ಬನೊಂದಿಗೆ ಕುಸ್ತಿ ಹಿಡಿಯುತ್ತಿದ್ದ. ಆ ಒಬ್ಬ ಮಲ್ಲ ಯಾರೆಂದು ಪೇಸ್ ಬರೆಯಲಿಲ್ಲ.

1535ರ ಸುಮಾರಿಗೆ ಬರೆದ ಕುದುರೆ ವ್ಯಾಪಾರಿ ನ್ಯೂನಿಜ್, ಮಹಾನವಮಿಯ ಉತ್ಸವಕ್ಕಾಗಿ ಅರಸನ ಬಳಿ ಸಾವಿರ ಮಲ್ಲರಿದ್ದರೆಂದೂ, ಅವರು ಮೊನೆಗಳಿದ್ದ ಬಳೆಯಂಥ ಆಯುಧವನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರೆಂದೂ ಹೇಳುತ್ತಾನೆ. ಹೆಚ್ಚು ಗಾಯಗೊಂಡವನಿಗೆ ಅರಸನಿಂದ ರೇಷ್ಮೆ ವಸ್ತ್ರ ಸಿಗುತ್ತಿತ್ತಂತೆ. ಅವರಿಗೆ ಒಬ್ಬ ನಾಯಕನಿದ್ದ. ರಾಜ್ಯದಲ್ಲಿ ಬೇರೆ ಯಾವ ಊಳಿಗವೂ ಅವರಿಗಿರಲಿಲ್ಲ. ಇಲ್ಲೂ ನಮಗೆ ಸಿಗುವುದು ಸಾವಿರ ಎಂಬ ಸಂಖ್ಯೆ, ಹೆಸರಲ್ಲ.

ನ್ಯೂನಿಜ್ ಕಂಡ ಆ ಕಾಳಗದ ನೆನಪು ಮೈಸೂರಿನಲ್ಲಿ ಉಳಿದಿದೆ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜಟ್ಟಿಗಳು ವಜ್ರಮುಷ್ಟಿ ಹಿಡಿದು ಸೆಣಸುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಈ ‘ಜಟ್ಟಿ’ ಎಂಬ ಮಾತನ್ನು ವಿದ್ವಾಂಸರು ‘ಜ್ಯೇಷ್ಠಿ’ ಎಂಬುದಕ್ಕೆ ಜೋಡಿಸುತ್ತಾರೆ. ಮಾನಸೋಲ್ಲಾಸದ ‘ಜ್ಯೇಷ್ಠಿಕ’ ಕೂಡ ಆ ಬಳಗದ ಮಾತೇ. ನಮ್ಮ ಆಡುಮಾತಿನ ‘ಜಗಜಟ್ಟಿ’ಯೂ ಬಂದದ್ದು ಅಲ್ಲಿಂದಲೇ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯಲ್ಲಂತೂ ಸೋತ ಜಟ್ಟಿಯ ಬಿಗುಮಾನವನ್ನು ಜನ ನಗುತ್ತಲೇ ನೆನಪಿಟ್ಟುಕೊಂಡಿದ್ದಾರೆ.

ಬೀದರ ಸೀಮೆಯಲ್ಲಿ ಮಾತು ಬೇರೆ ದಾರಿ ಹಿಡಿಯಿತು. ಬಹಮನಿ ಅರಸರಿಂದ ಹಿಡಿದು ನಿಜಾಮರ ಕಾಲದವರೆಗೆ ಶತಮಾನಗಳ ಕಾಲ ಇಲ್ಲಿ ಪಾರಸಿ, ಉರ್ದು ಆಡಳಿತದ ಭಾಷೆಗಳಾಗಿದ್ದವು. ಮಲ್ಲ ಪೈಲ್ವಾನನಾದ. ಗುರು ವಸ್ತಾದನಾದ. ಶ್ರಮ ತಾಲೀಮಾಯಿತು. ಮಲ್ಲಯುದ್ಧಕ್ಕೆ ಕುಸ್ತಿ ಎಂಬ ಪಾರಸಿ ಹೆಸರು ನಿಂತಿತು. ಹೆಸರುಗಳು ಬದಲಾದರೂ ಎಣ್ಣೆ, ಅರಿಸಿನ, ಕೆಮ್ಮಣ್ಣು ಕಲಸಿ ಹದ ಮಾಡಿದ ಕಣ ಬದಲಾಗಲಿಲ್ಲ. ಹಿಂದೂ, ಮುಸ್ಲಿಂ ಹುಡುಗರು ಒಂದೇ ತಾಲೀಮಿನಲ್ಲಿ ಒಬ್ಬನೇ ವಸ್ತಾದನ ಕಾಲು ಮುಟ್ಟಿ ಮಣ್ಣಿಗಿಳಿಯುವುದು ಈ ಭಾಗದ ಹಳ್ಳಿಗಳಿಗೆ ಹೊಸದೇನಲ್ಲ.

ರೈತನ ಮಗ ರೈದೆನ್

ಈಗ ಜಪಾನಿನತ್ತ ನೋಡೋಣ. ಅಲ್ಲಿನ ಸುಮೊ ನಮ್ಮ ಕುಸ್ತಿಗೆ ದೂರದ ನೆಂಟನಂತಿದೆ. ಮಣ್ಣಿನ ದಿಬ್ಬದ ಮೇಲೆ ಒಂದು ವೃತ್ತ. ಕಣಕ್ಕಿಳಿಯುವ ಮೊದಲು ಮಲ್ಲರು ಉಪ್ಪು ಎರಚಿ ಅದನ್ನು ಶುದ್ಧ ಮಾಡುತ್ತಾರೆ. ವೃತ್ತದಿಂದ ಹೊರಗೆ ಕಾಲಿಟ್ಟವನು ಇಲ್ಲವೇ ಪಾದ ಬಿಟ್ಟು ಮೈಯ ಬೇರೆ ಯಾವ ಭಾಗವನ್ನಾದರೂ ನೆಲಕ್ಕೆ ತಾಗಿಸಿದವನು ಸೋತಂತೆ. ನಮ್ಮಲ್ಲಿ ಅರ್ಧ ತಾಸು ನಡೆಯಬಹುದಾದ ಕುಸ್ತಿ ಅಲ್ಲಿ ಸಾಮಾನ್ಯವಾಗಿ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ.

ಸುಮೊ ಚರಿತ್ರೆಯಲ್ಲಿ ಎಲ್ಲರಿಗಿಂತ ಬಲಿಷ್ಠನೆಂದು ಅನೇಕರು ಹೇಳುವ ರೈದೆನ್ ತಮೆಯೆಮೊನ್ ಹುಟ್ಟಿದ್ದು 1767ರಲ್ಲಿ, ಶಿನಾನೊ ಪ್ರಾಂತದ ಓಇಶಿ ಎಂಬ ಹಳ್ಳಿಯಲ್ಲಿ. ಅದು ಇಂದಿನ ನಾಗಾನೊ ಪ್ರಾಂತ. ತಂದೆ ರೈತ. ಮನೆಯಲ್ಲಿ ಇಟ್ಟ ಹೆಸರು ತಾರೊಕಿಚಿ. 1783ರಲ್ಲಿ ಸಮೀಪದ ಅಸಾಮ ಜ್ವಾಲಾಮುಖಿ ಸಿಡಿಯಿತು. ಆ ವರ್ಷಗಳಲ್ಲಿ ದೇಶವನ್ನೇ ಆವರಿಸಿದ ಭೀಕರ ಬರಗಾಲವನ್ನು ಅದು ಇನ್ನಷ್ಟು ಹೆಚ್ಚಿಸಿತು. ಮರುವರ್ಷ, ಹದಿನೇಳರ ಆಸುಪಾಸಿನ ಆ ದೊಡ್ಡ ಮೈಯ ಹುಡುಗ ಎದೋ ನಗರಕ್ಕೆ, ಅಂದರೆ ಇಂದಿನ ಟೋಕಿಯೊಗೆ, ಹೊರಟ.

ಅಲ್ಲಿ ಅವನು ತನಿಕಾಜೆ ಎಂಬ ಮಹಾಮಲ್ಲನ ಕೈಯಲ್ಲಿ ಪಳಗಿದ. ತನಿಕಾಜೆ 1778ರಿಂದ 1782ರವರೆಗೆ ಸತತ 63 ಕುಸ್ತಿಗಳನ್ನು ಗೆದ್ದವನು. ಆ ದಾಖಲೆಯನ್ನು ಮುರಿಯಲು 20ನೆಯ ಶತಮಾನದ ಫುತಬಯಾಮನೇ ಬರಬೇಕಾಯಿತು. ‘ನಾನು ನೆಲದ ಮೇಲೆ ಮಲಗಿದ್ದನ್ನು ನೋಡಬೇಕಾದರೆ ನನಗೆ ನೆಗಡಿಯಾದಾಗ ಬನ್ನಿ’ ಎಂದು ಅವನು ಹೇಳಿಕೊಂಡಿದ್ದನೆಂಬ ಕಥೆಯಿದೆ. 1795ರಲ್ಲಿ ಹಬ್ಬಿದ ಶೀತಜ್ವರದಲ್ಲಿ ಅವನು ತೀರಿಕೊಂಡ.

ರೈದೆನ್ ಎಂದರೆ ಗುಡುಗು-ಮಿಂಚು. ಈ ಹೆಸರಿನಲ್ಲಿ ಅವನು 1790ರಲ್ಲಿ ಎದೋದ ಕಣಕ್ಕಿಳಿದ. ಅವನ ಎತ್ತರ ಸುಮಾರು 197 ಸೆಂಟಿಮೀಟರ್, ತೂಕ ಸುಮಾರು 169 ಕಿಲೋಗ್ರಾಂ ಎನ್ನುತ್ತಾರೆ. 1811ರಲ್ಲಿ ನಿವೃತ್ತನಾಗುವವರೆಗೆ, 21 ವರ್ಷಗಳಲ್ಲಿ ಅವನು ಗೆದ್ದದ್ದು 254 ಕುಸ್ತಿ, ಸೋತದ್ದು 10. ಸಮವೆಂದು ಬಿಟ್ಟ ಜೋಡಿಗಳು ಬೇರೆ. ಆಗ ವರ್ಷಕ್ಕೆ ಎರಡೇ ದೊಡ್ಡ ಪಂದ್ಯಾವಳಿಗಳು, ಅವೂ ಬಯಲಿನಲ್ಲಿ. ಮಳೆ ಬಂದರೆ ಮುಂದೂಡುತ್ತಿದ್ದರು. ಹೀಗಾಗಿ ಇಪ್ಪತ್ತು ವರ್ಷಕ್ಕೂ ಕುಸ್ತಿಗಳ ಸಂಖ್ಯೆ ಅಷ್ಟೇ.

ಅವನಿಗೆ ‘ಯೊಕೊಜುನ’ ಎಂಬ ಪರಮ ಗೌರವ ಸಿಗಲಿಲ್ಲ. ಏಕೆ ಸಿಗಲಿಲ್ಲವೆಂದು ಜಪಾನಿನವರು ಇಂದಿಗೂ ಚರ್ಚಿಸುತ್ತಾರೆ. ಆ ಕಾಲಕ್ಕೆ ಅದು ದರ್ಜೆಯಾಗಿರಲಿಲ್ಲ, ಒಂದು ವಿಧಿಯನ್ನು ನಡೆಸಲು ಕೊಡುವ ಅನುಮತಿಯಾಗಿತ್ತು. ದರ್ಜೆಗಳಲ್ಲಿ ಅತ್ಯುನ್ನತವಾದ ‘ಓಜೆಕಿ’ಯಲ್ಲಿ ರೈದೆನ್ 16 ವರ್ಷ ಇದ್ದ.

ಹೆಸರು ಉಳಿಯುವ ಬಗೆ

ರೈದೆನ್ ಕೂಡ ಅರಮನೆಯ ಮಲ್ಲನೇ. ಮತ್ಸುಯೆಯ ಪಾಳೆಯಗಾರನ ಆಶ್ರಯದಲ್ಲಿ ಅವನಿಗೆ ಸಂಬಳ ಸಿಗುತ್ತಿತ್ತು. ಹಾಗಿದ್ದೂ ಅವನ ಹೆಸರು ಒಡೆಯನ ಬಿರುದಿನಲ್ಲಿ ಕರಗಲಿಲ್ಲ. ಅದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು, ಕಣ ಅರಮನೆಯಿಂದ ಪೇಟೆಗೆ ಬಂದಿತ್ತು. ದೇವಸ್ಥಾನಗಳಿಗೆ ಹಣ ಕೂಡಿಸುವ ನೆಪದಲ್ಲಿ ನಡೆಯುತ್ತಿದ್ದ ಪಂದ್ಯಗಳಿಗೆ ಎದೋದ ವ್ಯಾಪಾರಿಗಳು, ಕೂಲಿಕಾರರು ದುಡ್ಡು ಕೊಟ್ಟು ಬರುತ್ತಿದ್ದರು. ದುಡ್ಡು ಕೊಟ್ಟವನಿಗೆ ಇಂದು ಯಾರು ಯಾರ ಜೋಡಿ ಎಂಬುದು ಗೊತ್ತಾಗಬೇಕು.

ಎರಡನೆಯದು, ಅಚ್ಚು. 1757ರಿಂದ ಎದೋದಲ್ಲಿ ಮಲ್ಲರ ಹೆಸರು, ದರ್ಜೆಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ ಹಂಚುವ ಪದ್ಧತಿ ನಿಂತಿತು. ‘ಬಂಜುಕೆ’ ಎಂಬ ಈ ಹಾಳೆ ಇಂದಿಗೂ ಪ್ರತಿ ಪಂದ್ಯಾವಳಿಗೆ ಮುನ್ನ ಹೊರಬೀಳುತ್ತದೆ. ಕತ್ಸುಕಾವಾ ಪಂಥದ ಚಿತ್ರಕಾರರು ಮರದ ಅಚ್ಚಿನಲ್ಲಿ ಮಲ್ಲರ ಚಿತ್ರಗಳನ್ನು ಮುದ್ರಿಸಿ ಮಾರಿದರು. ಮಲ್ಲನ ಮುಖ ಜನರ ಮನೆಯ ಗೋಡೆಗೆ ಹೋಯಿತು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ರೈದೆನ್‌ಗೆ ಓದು ಬರಹ ಬರುತ್ತಿತ್ತು. ಊರೂರು ತಿರುಗುತ್ತ ಕುಸ್ತಿಯಾಡುತ್ತಿದ್ದಾಗ ಅವನು ದಿನಚರಿ ಇಟ್ಟ. 1804ರಲ್ಲಿ ಕಿಸಕಾತ ಎಂಬಲ್ಲಿ ಆದ ದೊಡ್ಡ ಭೂಕಂಪದ ವಿವರವೂ ಅದರಲ್ಲಿದೆ. ಅಷ್ಟು ಬಲದ ಮನುಷ್ಯ ದಾರಿಯಲ್ಲಿ ಕಂಡದ್ದನ್ನು ರಾತ್ರಿ ಕೂತು ಬರೆಯುತ್ತಿದ್ದ ಎಂಬುದೇ ಒಂದು ಸೋಜಿಗ.

ಹೆಸರಿಗೂ ಬೆಲೆ ತೆರಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ. ನಿವೃತ್ತಿಯ ನಂತರ, 1814ರಲ್ಲಿ, ಅವನು ಎದೋದ ಒಂದು ದೇವಾಲಯಕ್ಕೆ ಗಂಟೆಯನ್ನು ಮಾಡಿಸಿಕೊಟ್ಟ. ಅದರ ವಿನ್ಯಾಸ ಅಧಿಕಾರಿಗಳಿಗೆ ಉದ್ಧಟತನವೆಂದು ಕಂಡಿತು. ಗಂಟೆ ಹೋಯಿತು, ರೈದೆನ್‌ನನ್ನು ಎದೋದಿಂದ ಹೊರಹಾಕಿದರು. 1825ರಲ್ಲಿ ಅವನು ತೀರಿಕೊಂಡ. ಟೋಕಿಯೊದ ಒಂದು ದೇಗುಲದಲ್ಲಿ 1900ರಲ್ಲಿ ನಿಲ್ಲಿಸಿದ ಯೊಕೊಜುನರ ಸ್ಮಾರಕಶಿಲೆಯ ಮೇಲೆ, ಆ ಗೌರವ ಪಡೆಯದ ಅವನ ಹೆಸರನ್ನೂ ‘ಸಾಟಿಯಿಲ್ಲದ ಮಲ್ಲ’ ಎಂದು ಕೆತ್ತಿದ್ದಾರೆ.

ಹಾಗೆಂದು ನಮ್ಮವರಿಗೆ ಹೆಸರಿನ ಬೆಲೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ತುರು ಬಿಡಿಸಲು ಹೋಗಿ ಸತ್ತವನಿಗೆ, ಹುಲಿಯೊಡನೆ ಹೋರಾಡಿ ಮಡಿದವನಿಗೆ ಕನ್ನಡ ನಾಡಿನ ಊರೂರಲ್ಲಿ ವೀರಗಲ್ಲುಗಳಿವೆ. ಮಂಡ್ಯ ಜಿಲ್ಲೆಯ ಆತಕೂರಿನ 10ನೆಯ ಶತಮಾನದ ಶಾಸನವಂತೂ ಕಾಡುಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನು ಉಳಿಸಿದೆ. ಕಾಳಿ ಕಲ್ಲಿನ ಮೇಲೆ ಇದೆ; ಕಲ್ಯಾಣದ ಜ್ಯೇಷ್ಠಿಕನಿಲ್ಲ. ಸತ್ತವನಿಗೆ ಕಲ್ಲು ನಿಂತಿತು. ಬದುಕಿದ್ದು ದಿನವೂ ಮಣ್ಣಿನಲ್ಲಿ ದುಡಿದವನಿಗೆ ನಿಲ್ಲಲಿಲ್ಲ.

ಕಲ್ಯಾಣದಲ್ಲೇ ಇದಕ್ಕೆ ಉತ್ತರವೂ ಹುಟ್ಟಿತು. ಭೂಲೋಕಮಲ್ಲ ತೀರಿಕೊಂಡು ಮೂರು ದಶಕ ಕಳೆಯುವಷ್ಟರಲ್ಲಿ ಅದೇ ಊರಿಗೆ ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ಹಗ್ಗ ಹೊಸೆಯುವವರು, ಅಕ್ಕಿ ಆಯುವವರು ಬಂದು ಸೇರಿದರು. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ – ಕಸುಬು ಹೆಸರಿನ ಮೊದಲಿಗೇ ನಿಂತಿತು. ಹೆಚ್ಚಿನ ವಚನಕಾರರು ದೇವರ ಹೆಸರನ್ನು ಅಂಕಿತ ಮಾಡಿಕೊಂಡರೆ ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಅಂಕಿತವಾಗಿಸಿದ. 900 ವರ್ಷಗಳ ನಂತರವೂ ಆ ಅಂಬಿಗ ನಮಗೆ ಗೊತ್ತು, ಏಕೆಂದರೆ ಅವನ ಮಾತನ್ನು ಅವನೇ ಆಡಿದ, ಇನ್ನೊಬ್ಬರು ಅದನ್ನು ಬರೆದಿಟ್ಟರು. ಮಲ್ಲನ ಮಾತನ್ನು ಮಾತ್ರ ಅರಸ ಆಡಿದ.

ವಹಿಯಲ್ಲಿ ಒಂದು ಸಾಲು

20ನೆಯ ಶತಮಾನದಲ್ಲಿ ನಮ್ಮ ಮಲ್ಲರಿಗೂ ಹೆಸರು ಬಂತು. ಕೊಲ್ಹಾಪುರದ ಶಾಹು ಮಹಾರಾಜರ ಆಸಕ್ತಿಯಿಂದ 1912ರಲ್ಲಿ ಸಿದ್ಧವಾದ ಖಾಸಬಾಗ್ ಮೈದಾನ ಗಡಿಯ ಎರಡೂ ಬದಿಯ ಹುಡುಗರನ್ನು ಸೆಳೆಯಿತು. ಕೊಲ್ಹಾಪುರದಲ್ಲಿ ಪಳಗಿದ ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಅದೇ ಮೊದಲ ವೈಯಕ್ತಿಕ ಪದಕ. ನಮ್ಮ ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ ಹುಟ್ಟಿ ಕೊಲ್ಹಾಪುರಕ್ಕೆ ಹೋದ ಶ್ರೀಪತಿ ಖಂಚನಾಳೆ 1959ರಲ್ಲಿ ಮೊದಲ ‘ಹಿಂದ್ ಕೇಸರಿ’ ಆದರು. ಅವರು 2020ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಪತ್ರಿಕೆಗಳು ಬರೆದವು. ಪದಕ, ಪ್ರಶಸ್ತಿ, ಪತ್ರಿಕೆ ಇದ್ದಲ್ಲಿ ಹೆಸರು ಉಳಿಯಿತು.

ಆದರೆ ಒಲಿಂಪಿಕ್ಸ್‌ವರೆಗೆ ಹೋಗುವವರು ಒಬ್ಬಿಬ್ಬರು. ಉಳಿದವರು ಜಾತ್ರೆಯಿಂದ ಜಾತ್ರೆಗೆ ನಡೆದವರು. ಬೆಳಗಾವಿಯಿಂದ ಬೀದರದವರೆಗಿನ ಹಳ್ಳಿಗಳಲ್ಲಿ ಕಿವಿ ಮುದುರಿಹೋದ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತಿರುತ್ತಾರೆ. ಕುಸ್ತಿಯಲ್ಲಿ ತಿಕ್ಕಾಡಿ ಗಡ್ಡೆಯಾದ ಆ ಕಿವಿಯೇ ಅವರ ಪ್ರಮಾಣಪತ್ರ. ಯಾವ ಊರಲ್ಲಿ ಯಾರನ್ನು ಯಾವ ಡಾವಿನಿಂದ ಕೆಡವಿದೆ ಎಂಬುದು ಅವರಿಗೆ ಬಾಯಿಪಾಠ. ಕೇಳುವವರಿದ್ದರೆ ಹೇಳುತ್ತಾರೆ. ಅವರ ನಂತರ ಹೇಳುವವರಿಲ್ಲ. ಮಣ್ಣಿನ ಕಣ ಬಿಟ್ಟು ಮ್ಯಾಟಿನ ಮೇಲೆ ಆಡುವ ಹುಡುಗರಿಗೆ ಆ ಡಾವುಗಳ ಹೆಸರೂ ಅಪರಿಚಿತವಾಗುತ್ತಿದೆ. ವಿದ್ಯೆ ಉಳಿದು ಹೆಸರು ಹೋದದ್ದು ಕಲ್ಯಾಣದ ಕಥೆ. ಈಗ ಎರಡೂ ಒಟ್ಟಿಗೆ ಹೋಗುವ ಹಾಗಿದೆ.

ಇದಕ್ಕೆ ದೊಡ್ಡ ಖರ್ಚಿನ ಸ್ಮಾರಕಗಳೇನೂ ಬೇಡ. ಜಾತ್ರೆ ನಡೆಸುವ ಪಂಚರ ಬಳಿ ಜಮಾಖರ್ಚಿನ ವಹಿ ಇರುತ್ತದೆ. ಹಲಗೆಯವರಿಗೆ ಎಷ್ಟು ಕೊಟ್ಟಿತು, ಕಣಕ್ಕೆ ಎಷ್ಟು ಗಾಡಿ ಮಣ್ಣು ಬಂತು, ಕಡಗಕ್ಕೆ ಎಷ್ಟು ತೊಲ ಬೆಳ್ಳಿ ಹಿಡಿಯಿತು ಎಂಬುದನ್ನೆಲ್ಲ ಅದರಲ್ಲಿ ಬರೆದಿರುತ್ತಾರೆ. ಬೆಳ್ಳಿಯ ತೂಕದ ಪಕ್ಕದಲ್ಲಿ ಇನ್ನೊಂದು ಸಾಲಿಗೆ ಜಾಗ ಇದ್ದೇ ಇರುತ್ತದೆ. ಆ ಕಡಗ ತೊಟ್ಟವನ ಹೆಸರು, ಅವನ ಊರು, ಅವನ ವಸ್ತಾದರ ಹೆಸರು, ಅವನೊಡನೆ ಸೆಣಸಿ ಸೋತವನ ಹೆಸರು ಅಲ್ಲಿ ಬಂದರೆ ಸಾಕು.